ಟಾಪ್ ಬಿಚ್ಚುವ ಹಳೆಯ ಕಾರು ಕೊಳ್ಳಬಹುದೇ? ಕಾಸರಗೋಡು ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಓಪನ್ ಕಾರು, ಕನ್ವರ್ಟಿಬಲ್, ಟಾಪ್ ಬಿಚ್ಚುವ ಗಾಡಿ, ಹೆಸರು ಏನೇ ಇರಲಿ, ಕೇಳುವ ಪ್ರಶ್ನೆಗಳು ಮಾತ್ರ ಅವೇ. ಉದಾಹರಣೆಗೆ ಇಲ್ಲಿ ಹೆಚ್ಚಾಗಿ ಹೆರಾಲ್ಡ್ ಕಾರನ್ನೇ ಹಿಡಿದುಕೊಂಡಿದ್ದೇವೆ. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಬಂತು, ಮರುವರ್ಷ ಅದರ ಕನ್ವರ್ಟಿಬಲ್ ಬಂತು. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಈ ಹೆರಾಲ್ಡನ್ನು 948 ಸಿಸಿ ಎಂಜಿನ್ ಇಟ್ಟು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದು ತಯಾರಿಸಿತು. ಬೇರೆ ಗಾಡಿ ನೋಡುವವರಿಗೂ ಪರೀಕ್ಷೆಯ ಕ್ರಮ ಇದೇ.

ಎಂಜಿನ್ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಅಷ್ಟಾದರೆ ಗಾಡಿ ಒಳ್ಳೆಯದೇ ಅಲ್ಲವೇ?

ಅಲ್ಲ. ಹಳೆಯ ಕಾರಿನಲ್ಲಿ ಅತಿ ಸುಲಭವಾಗಿ ಸರಿಯಾಗುವುದು ಎಂಜಿನ್. ಲೇತ್‌ನವನು ಬೋರ್ ಮಾಡಿ ಕೊಡುತ್ತಾನೆ, ಪಿಸ್ಟನ್, ಬೇರಿಂಗ್ ಹುಡುಕಿದರೆ ಸಿಗುತ್ತವೆ, ಕೆಲಸಕ್ಕೆ ಒಂದು ಕೊನೆ ಇರುತ್ತದೆ. ತುಕ್ಕು ಹಿಡಿದ ಬಾಡಿಗೆ ಕೊನೆ ಎಂಬುದಿಲ್ಲ. ಒಂದು ತೂತು ಮುಚ್ಚಲು ಹೋದರೆ ಬೆಸುಗೆ ಹಿಡಿಯುವಷ್ಟು ಗಟ್ಟಿ ತಗಡು ಸಿಗಲು ಇನ್ನೂ ನಾಲ್ಕು ಇಂಚು ಆಚೆ ಕತ್ತರಿಸಬೇಕಾಗುತ್ತದೆ. ನೋಡುವ ಕ್ರಮ ಹೀಗಿರಲಿ: ಮೊದಲು ಪೇಪರ್, ಆಮೇಲೆ ತಳ, ಆಮೇಲೆ ಟಾಪ್‌ನ ಚೌಕಟ್ಟು, ಕೊನೆಗೆ ಎಂಜಿನ್. ಪೇಂಟ್ ನೋಡಲೇಬೇಡಿ.

ಗಟ್ಟಿ ಛಾವಣಿ ಇರುವ ಕಾರಿಗೂ ಇಲ್ಲದ ಕಾರಿಗೂ ತುಕ್ಕು ಒಂದೇ ಅಲ್ಲವೇ?

ಮುಚ್ಚಿದ ಪೆಟ್ಟಿಗೆ ಗಟ್ಟಿ, ಮುಚ್ಚಳ ಕಿತ್ತ ಪೆಟ್ಟಿಗೆ ಅಲ್ಲಾಡುತ್ತದೆ. ಸೆಡಾನ್‌ನಲ್ಲಿ ಛಾವಣಿ ಹೊರುವ ಭಾರವನ್ನೂ ಓಪನ್ ಕಾರಿನಲ್ಲಿ ನೆಲ, ಬಾಗಿಲಿನ ಕೆಳಗಿನ ಸಿಲ್ ಮತ್ತು ಚಾಸಿಯೇ (ಗಾಡಿಯ ತಳದ ಉಕ್ಕಿನ ಚೌಕಟ್ಟು) ಹೊರಬೇಕು. ಸೆಡಾನ್‌ನಲ್ಲಿ ಎರಡು ವರ್ಷ ಸಹಿಸಬಹುದಾದ ತುಕ್ಕು ಇಲ್ಲಿ ಬಾಗಿಲು ಮುಚ್ಚದಂತೆ ಮಾಡುತ್ತದೆ. ಹೆರಾಲ್ಡ್‌ಗೆ ಪ್ರತ್ಯೇಕ ಚಾಸಿ ಇದೆ, ಹೊರಗೆ ಕಾಣುವ ಸಿಲ್ ಬೋಲ್ಟ್ ಹಾಕಿದ ಅಲಂಕಾರ ಮಾತ್ರ. ಹೊಳೆಯುವ ಸಿಲ್ ನೋಡಿ ಮೋಸ ಹೋಗುವವರು ಬಹಳ.

ನೋಡಲು ಹೋಗುವಾಗ ಏನೇನು ಕೊಂಡುಹೋಗಬೇಕು?

ಮಲಗಲು ಒಂದು ಗೋಣಿ, ಟಾರ್ಚು, ಮೊಂಡು ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, 5 ಮೀಟರಿನ ಟೇಪು, ತೂಗುಗುಂಡು, ಸೀಮೆಸುಣ್ಣ, ಟ್ರಾಲಿ ಜಾಕಿ, ಎರಡು ಸ್ಟ್ಯಾಂಡು, ಕಂಪ್ರೆಶನ್ ಗೇಜು, ಮಲ್ಟಿಮೀಟರು, 4 ಮತ್ತು 6 ಮಿ.ಮೀ.ನ ಎರಡು ಡ್ರಿಲ್ ಬಿಟ್ಟು. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಹೋಗಬಾರದು. ತುಕ್ಕು ಹಿಡಿದ ಚಾಸಿಗೆ ಜಾಕಿ ಕೊಟ್ಟರೆ ಅದು ತಗಡನ್ನು ತೂರಿ ಮೇಲೆ ಬರುವುದೂ ಉಂಟು. ಮಳೆ ಬಿದ್ದ ಮರುದಿನ ಹೋದರೆ ಇನ್ನೂ ಒಳ್ಳೆಯದು, ಎಲ್ಲಿ ಸೋರುತ್ತದೆಂದು ಗಾಡಿಯೇ ಹೇಳುತ್ತದೆ.

ತುಕ್ಕು ಎಲ್ಲೆಲ್ಲಿ ಹುಡುಕಬೇಕು?

ಮೊದಲು ಗಾಡಿ ಇಷ್ಟು ವರ್ಷ ಎಲ್ಲಿ ನಿಂತಿತ್ತು ಎಂದು ಕೇಳಿ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿದ್ದರೆ ಉಪ್ಪುಗಾಳಿಗೆ ಮೇಲಿನ ಕ್ರೋಮ್, ವಿಂಡ್‌ಶೀಲ್ಡ್‌ನ ಚೌಕಟ್ಟು, ವಯರಿಂಗಿನ ತುದಿಗಳು ಮೊದಲು ಹೋಗುತ್ತವೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಯ ಗಾಡಿಯಾದರೆ ಉಪ್ಪು ಇಲ್ಲ, ಆದರೆ ಶೆಡ್ಡಿನಲ್ಲಿ ಜೊತೆಗೆ ಏನಿತ್ತು ನೋಡಿ. ಅಡಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತಿನ ಚೀಲ ಅದೇ ಶೆಡ್ಡಿನಲ್ಲಿದ್ದರೆ ಅಥವಾ ಅದೇ ಗಾಡಿಯಲ್ಲಿ ಸಾಗಿಸಿದ್ದರೆ ನೆಲದ ಹಾಳೆಯನ್ನು ಸಂಶಯದಿಂದಲೇ ನೋಡಬೇಕು. ಮೈಲುತುತ್ತು ಒದ್ದೆಯಾಗಿ ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗಿ ತಾಮ್ರ ಅಲ್ಲಿ ಕೂರುತ್ತದೆ. ಪೊಟ್ಯಾಶ್ ಗೊಬ್ಬರದಲ್ಲಿ ಕ್ಲೋರೈಡ್ ಇದೆ, ಅದೂ ಕಡಲ ಉಪ್ಪಿನ ಅಣ್ಣನೇ. ದನದ ಹಟ್ಟಿಗೆ ತಾಗಿದ ಶೆಡ್ಡಾದರೆ ಗಂಜಲದ ಅಮೋನಿಯ ಹಿತ್ತಾಳೆ, ತಾಮ್ರದ ಭಾಗಗಳನ್ನು ಕೆಡಿಸಿರುತ್ತದೆ. ರೇಡಿಯೇಟರ್, ಕಾರ್ಬುರೇಟರಿನ ಜೆಟ್ ನೋಡಿ.

ಈಗ ಗೋಣಿ ಹಾಸಿ ಕೆಳಗೆ ಮಲಗಿ. ಹೆರಾಲ್ಡ್‌ನ ಚಾಸಿಯ ನಡುವಿನ ಎರಡು ಉದ್ದ ತೊಲೆಗಳು ದಪ್ಪ, ಎಂಜಿನ್ನಿನಿಂದ ಸೋರಿದ ಎಣ್ಣೆ ಬಳಿದುಕೊಂಡು ಅವು ಸಾಮಾನ್ಯವಾಗಿ ಉಳಿದಿರುತ್ತವೆ. ಹೋಗುವುದು ಆ ತೊಲೆಯಿಂದ ಪಕ್ಕಕ್ಕೆ ಚಾಚಿದ ಔಟ್‌ರಿಗರ್‌ಗಳು ಮತ್ತು ಅವುಗಳ ತುದಿ ಜೋಡಿಸುವ ಸೈಡ್ ರೈಲ್‌ಗಳು. ಚಕ್ರ ಎರಚುವ ಕೆಸರು ಅಲ್ಲೇ ಕೂರುತ್ತದೆ, ನಮ್ಮ ಕಡೆಯ ಮುರಕಲ್ಲಿನ ಕೆಂಪು ಮಣ್ಣು ಒಳಗೆ ತುಂಬಿದರೆ ಆಟಿ ತಿಂಗಳ ಮಳೆಯಲ್ಲಿ ನೆನೆದದ್ದು ದೀಪಾವಳಿಗೂ ಒಣಗುವುದಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಹಾಳಾದದ್ದು ಹಳೆಯ ಡಬ್ಬದಂತೆ ಡಬ್ ಎನ್ನುತ್ತದೆ. ಆ ಡಬ್ ಬಂದಲ್ಲಿ ತುದಿಯಿಂದ ಒತ್ತಿ. ಹಲಸಿನ ಹಪ್ಪಳದಂತೆ ಪದರ ಎದ್ದು ಉದುರಿದರೆ ಆ ಔಟ್‌ರಿಗರ್ ಬದಲಿಸಲೇಬೇಕು. ಪುಡಿ ಮಾತ್ರ ಬಂದು ಕೆಳಗೆ ಹೊಳೆಯುವ ಲೋಹ ಕಂಡರೆ ಅದು ಮೇಲ್ಮೈ ತುಕ್ಕು, ಚಿಂತೆ ಬೇಡ.

ತಳಕ್ಕೆ ದಪ್ಪ ಕಪ್ಪು ಡಾಂಬರಿನಂಥ ಅಂಡರ್‌ಕೋಟ್ ಹೊಸದಾಗಿ ಹೊಡೆದಿದ್ದರೆ ಮಾರುವವರ ಮುಖ ನೋಡಿ ಒಂದು ಪ್ರಶ್ನೆ ಕೇಳಿ: ಇದನ್ನು ಹೊಡೆಯುವ ಮೊದಲಿನ ಫೋಟೋ ಇದೆಯೇ? ಇಲ್ಲದಿದ್ದರೆ ಅದರ ಕೆಳಗೆ ತುಕ್ಕು ಇದೆ ಎಂದೇ ಬೆಲೆ ಕಟ್ಟಿ.

ಮತ್ತೆ ಒಳಗೆ: ಮ್ಯಾಟ್ ಎತ್ತಿ ನೆಲದ ನಾಲ್ಕು ಮೂಲೆ, ಬ್ಯಾಟರಿಯ ಕೆಳಗಿನ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಬಾಗಿಲಿನ ಕೆಳ ಅಂಚು. ಬಾಗಿಲಿನ ಅಡಿಯಲ್ಲಿ ನೀರು ಇಳಿಯುವ ಸಣ್ಣ ತೂತುಗಳಿರುತ್ತವೆ. ಸೈಕಲ್ ಚಕ್ರದ ಕಡ್ಡಿ ತೂರಿಸಿ ನೋಡಿ, ಕಡ್ಡಿ ಹೋಗದಿದ್ದರೆ ಒಳಗೆ ನೀರು ನಿಂತು ನಿಂತು ಕೊಳೆತಿರುತ್ತದೆ. ಅಯಸ್ಕಾಂತ ಹಿಡಿಯದ ಕಡೆ ಪುಟ್ಟಿ ಇದೆ. ಒಂದೆರಡು ಕಡೆ ಇದ್ದರೆ ಸರಿ, ಚಕ್ರದ ಸುತ್ತಿನ ಕಮಾನು ಪೂರ್ತಿ ಪುಟ್ಟಿಯಾದರೆ ಅಲ್ಲಿ ತಗಡೇ ಇಲ್ಲ.

ಬಾಗಿಲಿನ ಸಂದು ನೋಡಬೇಕು ಎನ್ನುತ್ತಾರೆ. ಅದರಲ್ಲಿ ಏನು ತಿಳಿಯುತ್ತದೆ?

ಗಾಡಿಯ ಬೆನ್ನು ಬಾಗಿದೆಯೇ ಎಂದು. ನೆಲ ಸಮ ಇರುವಲ್ಲಿ ಗಾಡಿ ನಿಲ್ಲಿಸಿ ಬಾಗಿಲು ಮುಚ್ಚಿ. ಸಂದಿನ ಮೇಲ್ಭಾಗದಲ್ಲಿ 4 ಮಿ.ಮೀ.ನ ಡ್ರಿಲ್ ಬಿಟ್ಟು ಇಟ್ಟು ನೋಡಿ, ಕೆಳಭಾಗದಲ್ಲಿ 6ರದ್ದು ಇಟ್ಟು ನೋಡಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇರಬೇಕು. ಮೇಲೆ 4ರ ಬಿಟ್ಟೂ ತೂರದೆ ಕೆಳಗೆ 6ರದ್ದು ಸಡಿಲವಾಗಿ ಆಡಿದರೆ ನಡು ಕುಸಿದಿದೆ. ಆಮೇಲೆ ಆ ಬದಿಯ ಮುಂದಿನ ಚಕ್ರದ ಹಿಂದೆ ಚಾಸಿಗೆ ಜಾಕಿ ಕೊಟ್ಟು ಚಕ್ರ ನೆಲ ಬಿಡುವಷ್ಟು ಎತ್ತಿ, ಅದೇ ಸಂದನ್ನು ಮತ್ತೆ ಅಳೆಯಿರಿ. 2 ಮಿ.ಮೀ.ಗಿಂತ ಹೆಚ್ಚು ಬದಲಾದರೆ ಅಥವಾ ಬಾಗಿಲು ತೆರೆಯಲು ಹಟ ಹಿಡಿದರೆ ಗಾಡಿಗೆ ಬಲವಿಲ್ಲ.

ಅಪಘಾತದ ಅನುಮಾನ ಇದ್ದರೆ ತೂಗುಗುಂಡು ತೆಗೆಯಿರಿ. ಚಾಸಿಯ ಎಡಬದಿಯ ಎರಡು, ಬಲಬದಿಯಲ್ಲಿ ಅದೇ ಜಾಗದ ಎರಡು, ಹೀಗೆ ನಾಲ್ಕು ಬೋಲ್ಟುಗಳಿಂದ ಇಳಿಬಿಟ್ಟು ನೆಲದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಗಾಡಿ ಸರಿಸಿ ಕರ್ಣ ಅಳೆಯಿರಿ. ಎರಡು ಕರ್ಣಗಳ ನಡುವೆ 5 ಮಿ.ಮೀ. ತನಕ ವ್ಯತ್ಯಾಸ ಒಪ್ಪಬಹುದು.

ಇದು ಕಾರ್ಖಾನೆಯಿಂದಲೇ ಓಪನ್ ಆಗಿ ಬಂದದ್ದೇ, ಆಮೇಲೆ ಛಾವಣಿ ಕತ್ತರಿಸಿದ್ದೇ? ಹೇಗೆ ಗೊತ್ತಾಗುತ್ತದೆ?

ಆರ್‌ಸಿಯಲ್ಲಿ ಬಾಡಿ ಟೈಪ್ ಎಂಬ ಕಾಲಂ ಇದೆ. ಅಲ್ಲಿ ಸಲೂನ್ ಎಂದಿದ್ದು ಕಣ್ಣೆದುರು ಛಾವಣಿ ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು, ಅದೂ ಕೇರಳದಿಂದ ಹೋದ ಪ್ರಕರಣದಲ್ಲಿ. ಇಂಗ್ಲೆಂಡಿನಲ್ಲಿ ತಯಾರಾದ ಹೆರಾಲ್ಡ್ ಆದರೆ ಕಮಿಷನ್ ಪ್ಲೇಟಿನ (ಕಾರ್ಖಾನೆಯವರು ಗಾಡಿಯ ಸಂಖ್ಯೆ ಒತ್ತಿ ಕೂರಿಸಿದ ತಗಡು) ಸಂಖ್ಯೆಯ ಕೊನೆಯಲ್ಲಿ ‘ಸಿವಿ’ ಅಕ್ಷರಗಳಿದ್ದರೆ ಅದು ಕನ್ವರ್ಟಿಬಲ್.

ಹೆರಾಲ್ಡ್‌ನ ಛಾವಣಿ ಬೋಲ್ಟಿನಲ್ಲಿ ಕೂತಿದೆ. ಬಿಚ್ಚುವುದು ಸುಲಭವಾದ್ದರಿಂದಲೇ ಸೆಡಾನ್‌ನ ಛಾವಣಿ ತೆಗೆದು ಓಪನ್ ಎಂದು ಮಾರುವುದೂ ಸುಲಭ. ಅಂಬಾಸಡರ್, ಫಿಯಟ್ 1100, ಪದ್ಮಿನಿಗಳ ಕತೆ ಇದಕ್ಕಿಂತ ಕೆಟ್ಟದ್ದು. ಅವಕ್ಕೆ ಪ್ರತ್ಯೇಕ ಚಾಸಿಯೇ ಇಲ್ಲ, ಬಾಡಿಯೇ ಚಾಸಿ. ಮದುವೆಯ ಮೆರವಣಿಗೆಗೆಂದು ಛಾವಣಿ ಕತ್ತರಿಸಿದ ಫಿಯಟ್ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ರಸ್ತೆಯ ಹೊಂಡಕ್ಕೆ ಬಿದ್ದರೆ ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ಬಿಟ್ಟಿ ಕೊಟ್ಟರೂ ಬೇಡ.

ಅಜ್ಜನ ಕಾಲದ ಗಾಡಿ, 20 ವರ್ಷದಿಂದ ನಿಂತಿದೆ. ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಿ ನೋಡಬಹುದೇ?

ನೇರವಾಗಿ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿಗೆ ಅಂಟಿದ ರಿಂಗ್ ಮುರಿಯುತ್ತದೆ. ಏರ್ ಕ್ಲೀನರ್ ತೆರೆದು ಇಲಿಗೂಡು ಇದ್ದರೆ ತೆಗೆಯಿರಿ. ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೆ ಎರಡು ಟೀ ಚಮಚ, ಅಂದರೆ ಸುಮಾರು 10 ಮಿ.ಲೀ. ಎಂಜಿನ್ ಆಯಿಲ್ ಹಾಕಿ ಎರಡು ದಿನ ಬಿಡಿ. ಡಿಪ್‌ಸ್ಟಿಕ್ ಎಳೆದು ನೋಡಿ, ಆಯಿಲ್ ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ, ಮೊದಲು ಅದನ್ನು ಇಳಿಸಿ. ಟಾಪ್ ಗೇರ್ ಹಾಕಿ ಗಾಡಿಯನ್ನು ಮೆಲ್ಲ ಹಿಂದೆ ಮುಂದೆ ತಳ್ಳಿ, ಫ್ಯಾನ್ ತಿರುಗಿದರೆ ಎಂಜಿನ್ನಿನ ಅಂಟು ಬಿಟ್ಟಿದೆ. ರಾಕರ್ ಕವರ್ ತೆಗೆದು ಮೇಲಿನಿಂದಲೂ ಸ್ವಲ್ಪ ಆಯಿಲ್ ಸುರಿಯಿರಿ. ಟ್ಯಾಂಕಿನ ಹಳೆಯ ಪೆಟ್ರೋಲು ವಾರ್ನಿಶ್ ಆಗಿರುತ್ತದೆ, ಅದನ್ನು ಮುಟ್ಟದೆ ಒಂದು ಲೀಟರಿನ ಕ್ಯಾನಿನಿಂದ ಬೇರೆ ಪೈಪು ಕೊಡಿ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಜೋಡಿಸಿದ್ದು) ಇರುವವೂ ಇವೆ, ಬ್ಯಾಟರಿಯ ಯಾವ ವಯರು ಬಾಡಿಗೆ ಹೋಗಿದೆ ಎಂದು ನೋಡದೆ ಜೋಡಿಸಬೇಡಿ.

ಎಂಜಿನ್ ಓಡಿತು. ಇನ್ನೇನು ನೋಡಬೇಕು?

ಬಿಸಿಯಾದ ಮೇಲೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಯಿರಿ. ಸಂಖ್ಯೆ ಎಷ್ಟಿದೆ ಎಂಬುದಕ್ಕಿಂತ ನಾಲ್ಕೂ ಸಿಲಿಂಡರಿನಲ್ಲಿ ಶೇಕಡಾ 10ರೊಳಗೆ ಹೊಂದುತ್ತದೆಯೇ ಎಂಬುದು ಮುಖ್ಯ.

ಹೆರಾಲ್ಡ್ ಎಂಜಿನ್ನಿಗೆ ಒಂದು ಗುಟ್ಟಿನ ರೋಗ ಇದೆ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಅರ್ಧಚಂದ್ರದಂಥ ಥ್ರಸ್ಟ್ ವಾಷರ್‌ಗಳು ಹಿಂದಿನ ಮೇನ್ ಬೇರಿಂಗಿನಲ್ಲಿವೆ. ಕ್ಲಚ್ ತುಳಿದಾಗಲೆಲ್ಲ ಭಾರ ಅವುಗಳ ಮೇಲೆ. ಪೂರ್ತಿ ಸವೆದರೆ ಕೆಳಗಿನ ಆಯಿಲ್ ತೊಟ್ಟಿಗೆ (ಸಂಪ್) ಬೀಳುತ್ತವೆ, ಆಮೇಲೆ ಕ್ರ್ಯಾಂಕ್ ಬ್ಲಾಕನ್ನೇ ತಿನ್ನುತ್ತದೆ. ಪರೀಕ್ಷೆಗೆ ಎಂಜಿನ್ ನಿಲ್ಲಿಸಿ ಒಬ್ಬರು ಕ್ಲಚ್ ತುಳಿದು ಬಿಡಲಿ, ಇನ್ನೊಬ್ಬರು ಮುಂದಿನ ಪುಲ್ಲಿ ನೋಡಲಿ. ಸರಿಯಾದ ಆಟ 0.1ರಿಂದ 0.2 ಮಿ.ಮೀ., ಅದು ಬರಿಗಣ್ಣಿಗೆ ಕಾಣುವಂಥದ್ದಲ್ಲ. ಪುಲ್ಲಿ ಸರಿದದ್ದು ಕಂಡರೆ ಸಂಪ್ ಬಿಚ್ಚದೆ ಗಾಡಿ ಓಡಿಸಬೇಡಿ. ವಾಷರಿನ ಬೆಲೆ ಏನೂ ಅಲ್ಲ, ಬ್ಲಾಕ್ ಹೋದರೆ ಎಂಜಿನ್ನೇ ಹೋಯಿತು.

ಮುಂದಿನ ಚಕ್ರ ಮುರಿದು ಮಲಗುತ್ತದೆ ಎಂದು ಹೆದರಿಸುತ್ತಾರೆ. ನಿಜವೇ?

ನಿಜ, ಆದರೆ ತಪ್ಪು ಕಾರಿನದ್ದಲ್ಲ, ಗ್ರೀಸಿನದ್ದು. ಹೆರಾಲ್ಡ್‌ನ ಮುಂದಿನ ಸಸ್ಪೆನ್ಶನಿನ ಕೆಳಗೆ ಟ್ರನಿಯನ್ ಎಂಬ ಹಿತ್ತಾಳೆ ಬಣ್ಣದ ತುಂಡು ಇದೆ, ಉಕ್ಕಿನ ಕಂಬದ ಮರೆ (ಸ್ಕ್ರೂವಿನಂಥ ಸುತ್ತು) ಅದರೊಳಗೆ ತಿರುಗುತ್ತದೆ. ಅದಕ್ಕೆ ಹಾಕಬೇಕಾದದ್ದು ಇಪಿ 90 ಗೇರ್ ಆಯಿಲ್. ನಿಪ್ಪಲ್ ಕಂಡ ಕೂಡಲೇ ಸರ್ವಿಸಿನವರು ಗ್ರೀಸ್ ಒತ್ತುತ್ತಾರೆ. ಗ್ರೀಸ್ ಮರೆಯ ತಳದ ತನಕ ಇಳಿಯದೆ ಗಟ್ಟಿಯಾಗುತ್ತದೆ, ಅಡಿಯಲ್ಲಿ ನೀರು ನಿಂತು ಕಂಬ ತುಕ್ಕು ಹಿಡಿದು ಒಂದು ದಿನ ತುಂಡಾಗುತ್ತದೆ. ಕೊಂಡ ದಿನವೇ ಬಿಚ್ಚಿ, ಮರೆ ಸವೆದಿದ್ದರೆ ಕಂಬ, ಟ್ರನಿಯನ್ ಎರಡನ್ನೂ ಜೋಡಿಯಾಗಿ ಬದಲಿಸಿ. ಎಡದ ಮರೆಯೂ ಬಲದ ಮರೆಯೂ ಒಂದಕ್ಕೊಂದು ತಿರುಗುಮುರುಗು, ಆರ್ಡರ್ ಮಾಡುವಾಗ ಬದಿ ಹೇಳಿ. ಗ್ರೀಸ್ ಗನ್ನಿಗೇ ಆಯಿಲ್ ತುಂಬಿಸಿ, ಮೇಲಿನಿಂದ ಉಕ್ಕುವ ತನಕ ಒತ್ತಬೇಕು. ಮಳೆಗಾಲದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ.

ಹಿಂದಿನ ಚಕ್ರ ಎರಡೂ ಮೇಲೆ ಒಳಕ್ಕೆ ಓರೆಯಾಗಿವೆ. ಆಕ್ಸಲ್ ಬಾಗಿದೆಯೇ?

ಹೆಚ್ಚಾಗಿ ಅಡ್ಡಲಾಗಿ ಕೂತ ಪ್ಲೇಟ್ ಸ್ಪ್ರಿಂಗ್ ಸೋತಿದೆ. ಪ್ಲೇಟು ಕೆಲಸದವರ ಬಳಿ ಕಮಾನು ಏರಿಸಬಹುದು, ಆದರೆ ಹೆಚ್ಚು ಏರಿಸಿದರೆ ತಿರುವಿನಲ್ಲಿ ಚಕ್ರ ಒಳಕ್ಕೆ ಮಡಚಿ ಹಿಂಭಾಗ ಜಾರುವ ಅಪಾಯ ಜಾಸ್ತಿ. ಘಾಟಿ ಇಳಿಯುವಾಗ ತಿರುವಿನ ನಡುವೆ ಆಕ್ಸಲರೇಟರ್ ಪಟ್ಟನೆ ಬಿಡುವ ಅಭ್ಯಾಸ ಇರುವವರು ಈ ಕಾರನ್ನು ಮೊದಲು ಮೈದಾನದಲ್ಲಿ ಕಲಿಯಲಿ. ಅದೇ ಸ್ಟ್ಯಾಂಡರ್ಡ್ ಕಂಪನಿಯಿಂದ 1972ರಲ್ಲಿ ಬಂದ ಗಜೆಲ್ ಕಾರಿಗೆ ಈ ಕಾಟ ಇಲ್ಲ, ಅದಕ್ಕೆ ಮಾಮೂಲಿ ಆಕ್ಸಲ್.

ಟಾಪ್ ಹರಿದಿದೆ. ಅದರಿಂದ ಬೆಲೆ ಎಷ್ಟು ಇಳಿಸಬೇಕು?

ಬಟ್ಟೆ ಹರಿದರೆ ದೊಡ್ಡ ವಿಷಯವಲ್ಲ. ಮಡಚುವ ಕಬ್ಬಿಣದ ಚೌಕಟ್ಟು ಇಲ್ಲದಿದ್ದರೆ ದೊಡ್ಡ ವಿಷಯ. ಅದನ್ನು ಅಂದಾಜಿನಲ್ಲಿ ಬಾಗಿಸಿ ಮಾಡಿದರೆ ನಿಲ್ಲುತ್ತದೆ, ಆದರೆ ಸರಿಯಾಗಿ ಮಡಚುವುದಿಲ್ಲ, ಕಿಟಕಿಯ ಗಾಜಿಗೂ ಹೊಂದುವುದಿಲ್ಲ. ಚೌಕಟ್ಟು ಇದ್ದರೆ ಮೂರು ಸಲ ಏರಿಸಿ ಇಳಿಸಿ, ರಿವೆಟ್‌ನ ತೂತುಗಳು ಅಂಡಾಕಾರ ಆಗಿವೆಯೇ ನೋಡಿ.

ಹೊಸ ಟಾಪಿಗೆ ಈ ಊರಿನ ಮಳೆಗೆ ದಪ್ಪ ರೆಕ್ಸಿನ್ ಸಾಕು. ಕ್ಯಾನ್ವಾಸ್ ಚಂದ, ಆದರೆ ಬೂಷ್ಟು ಹಿಡಿಯುತ್ತದೆ. ಹೊಲಿಗೆಗೆ ಪಾಲಿಯೆಸ್ಟರ್ ನೂಲು ಬಳಸಿ, ಹತ್ತಿಯ ನೂಲು ಬೇಗ ಕೊಳೆಯುತ್ತದೆ. ರೆಕ್ಸಿನನ್ನು ಒಂದು ಗಂಟೆ ಬಿಸಿಲಿಗೆ ಹಾಕಿ ಮೆದುವಾದ ಮೇಲೆ ಹಿಂಬದಿಯ ನಡುವಿನಿಂದ ಶುರು ಮಾಡಿ ಮುಂದಕ್ಕೆ ಎಳೆಯುತ್ತ ಕೂರಿಸಬೇಕು, ತಣ್ಣಗಿರುವಾಗ ಕೂರಿಸಿದರೆ ಮಧ್ಯಾಹ್ನಕ್ಕೆ ಜೋಲುತ್ತದೆ. ಒದ್ದೆ ಟಾಪನ್ನು ಎಂದೂ ಮಡಚಿಡಬೇಡಿ.

ಆರ್‌ಸಿ ತೀರಿಹೋದವರ ಹೆಸರಿನಲ್ಲಿದೆ. ಕೊಳ್ಳಬಹುದೇ?

ಹಕ್ಕುದಾರರ ಹೆಸರಿಗೆ ಆದ ಮೇಲೆ ಕೊಳ್ಳಿ, ಮೊದಲಲ್ಲ. ಅದಕ್ಕೆ ಫಾರ್ಮ್ 31, ಮರಣ ಪ್ರಮಾಣಪತ್ರ, ವಾರಸು ಪ್ರಮಾಣಪತ್ರ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಬೇಕು. ಹಳೆಯ ತರವಾಡು ಮನೆಗಳಲ್ಲಿ ವಾರಸುದಾರರು ಹತ್ತು ಮಂದಿ, ಮೂರು ದೇಶಗಳಲ್ಲಿ ಇರುವುದೂ ಹೊಸತಲ್ಲ. ಆ ಸಹಿ ಹೊಂದಿಸುವುದು ಮಾರುವವರ ಕೆಲಸ. ಪುಸ್ತಕದ ಆರ್‌ಸಿ ಆದರೆ ಅದು ಪರಿವಾಹನ್ ವ್ಯವಸ್ಥೆಗೆ ಏರಿದೆಯೇ ನೋಡಿ, ಏರದಿದ್ದರೆ ಮೊದಲು ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಚಾಸಿ ನಂಬರನ್ನು ಪೆನ್ಸಿಲಿನಿಂದ ಕಾಗದಕ್ಕೆ ಉಜ್ಜಿ ತೆಗೆದು ಆರ್‌ಸಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ. ಕರಾರು ಮಲಯಾಳದಲ್ಲಿದ್ದು ನಿಮಗೆ ಓದಲು ಬಾರದಿದ್ದರೆ ಪೂರ್ತಿ ಓದಿಸಿಕೊಂಡೇ ಸಹಿ ಹಾಕಿ, ನಾಚಿಕೆ ಬೇಡ.

ಗಾಡಿ ಮಂಗಳೂರು ಅಥವಾ ಪುತ್ತೂರು ನೋಂದಣಿಯದ್ದು. ತಲಪಾಡಿ ದಾಟಿಸಿ ಇಲ್ಲೇ ಇಟ್ಟುಕೊಳ್ಳಬಹುದೇ?

12 ತಿಂಗಳ ತನಕ. ಅದಕ್ಕಿಂತ ಹೆಚ್ಚು ಇಟ್ಟರೆ ಕೇರಳದ ನಂಬರ್ ತೆಗೆದುಕೊಳ್ಳಬೇಕು: ಕರ್ನಾಟಕದ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ, ಇಲ್ಲಿ ಫಾರ್ಮ್ 27, ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಇಲ್ಲಿನ ತೆರಿಗೆ, 15 ವರ್ಷ ದಾಟಿದ ಗಾಡಿಗೆ ಗ್ರೀನ್ ಟ್ಯಾಕ್ಸ್, 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ, ಇವನ್ನೆಲ್ಲ ಬೆಲೆ ಮಾತಾಡುವ ಮೊದಲೇ ಕೂಡಿಸಿ ಇಟ್ಟುಕೊಳ್ಳಿ.

ವಿಂಟೇಜ್ ನೋಂದಣಿ ಮಾಡಿಸಿದರೆ ಒಳ್ಳೆಯದಲ್ಲವೇ?

ಯಾಕೆ ಬೇಕು ಎಂಬುದರ ಮೇಲೆ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರುವ ಗಾಡಿಗೆ ಇದು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ಮುಂದಿನ ಸಲಕ್ಕೆ 5,000. ಈಗಾಗಲೇ ನಂಬರ್ ಇರುವ ಗಾಡಿ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು, ಹೊಸದಾಗಿ ನೋಂದಾಯಿಸಿದ್ದಕ್ಕೆ ‘ವಿಎ’ ಸರಣಿಯ ನಂಬರ್. ಆದರೆ ಆಮೇಲೆ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಭಾನುವಾರ ಬೇಕಲಕ್ಕೆ ಹೋಗಿ ಗಾಳಿ ಕುಡಿದು ಬರುವ ಆಸೆ ಇದ್ದವರು ಮಾಮೂಲಿ ನೋಂದಣಿಯನ್ನೇ ಜೀವಂತ ಇಟ್ಟುಕೊಳ್ಳಿ.

ಒಟ್ಟು ಖರ್ಚು ಹೇಗೆ ಅಂದಾಜು ಮಾಡುವುದು?

ಟಿಂಕರಿಂಗ್ ಮತ್ತು ಪೇಂಟಿಗೆ ಒಟ್ಟಿನ ಅರ್ಧ ಎಂದಿಟ್ಟುಕೊಳ್ಳಿ. ಉಳಿದ ಅರ್ಧದಲ್ಲಿ ಎಂಜಿನ್, ಬ್ರೇಕು, ವಯರಿಂಗ್, ಟಾಪ್, ಸೀಟು. ಇದರ ಮೇಲೆ ಮೂರನೇ ಒಂದು ಪಾಲು ಬೇರೆ ತೆಗೆದಿಡಿ, ಅದು ಖಂಡಿತ ಖರ್ಚಾಗುತ್ತದೆ. ಟಿಂಕರಿಂಗ್‌ಗೆ ಪೇಂಟ್ ಕೀಳುವ ಮೊದಲು ಒಟ್ಟು ಮೊತ್ತಕ್ಕೆ ಗುತ್ತಿಗೆ ಕೊಡಬೇಡಿ. ಕಿತ್ತ ಮೇಲೆ ಸಿಕ್ಕ ತುಕ್ಕಿಗೆ ಯಾರು ಹಣ ಕೊಡುವುದು ಎಂದು ಜಗಳವಾಗುವುದು ಅಲ್ಲೇ. ಬಿಡಿಭಾಗಕ್ಕೆ ಚೆನ್ನೈನ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆ ಹುಡುಕಬಹುದು. ಕ್ರೋಮ್ ಪಟ್ಟಿ, ದೀಪದ ಗಾಜು, ವಿಂಡ್‌ಶೀಲ್ಡಿನ ಚೌಕಟ್ಟು ಇಲ್ಲದ ಗಾಡಿ ಬೇಡ, ಎಂಜಿನ್ ಇಲ್ಲದಿದ್ದರೂ ಪರವಾಗಿಲ್ಲ.

ಕೆಲಸ ಯಾವ ಕ್ರಮದಲ್ಲಿ, ಯಾವ ತಿಂಗಳಲ್ಲಿ?

ಬಾಡಿ ಎತ್ತುವ ಮೊದಲು ಎರಡೂ ಬಾಗಿಲಿನ ಬಾಯಿಗೆ ಅಡ್ಡಲಾಗಿ 25 ಮಿ.ಮೀ.ನ ಚೌಕ ಪೈಪು ಬೆಸೆಯಿರಿ. ಇದನ್ನು ಮರೆತರೆ ಬಾಡಿ ಮಡಚಿಕೊಳ್ಳುತ್ತದೆ, ಮತ್ತೆ ಬಾಗಿಲು ಜನ್ಮದಲ್ಲಿ ಕೂರುವುದಿಲ್ಲ. ಔಟ್‌ರಿಗರ್‌ಗಳನ್ನು ಒಂದೊಂದಾಗಿ ಬದಲಿಸಿ, ಎಲ್ಲವನ್ನೂ ಒಟ್ಟಿಗೆ ಕತ್ತರಿಸಬೇಡಿ. ಔಟ್‌ರಿಗರಿಗೆ 16 ಗೇಜಿನ ತಗಡು, ನೆಲಕ್ಕೆ 18, ಹೊರಮೈಗೆ 20. ಬೆಸುಗೆ ಮಿಗ್‌ನಲ್ಲೇ (ಅನಿಲದ ಮರೆಯಲ್ಲಿ ತಂತಿ ಕರಗಿಸುವ ವೆಲ್ಡಿಂಗ್) ಆಗಲಿ. ಹಿತ್ತಾಳೆ ಬೆಸುಗೆ ಹಾಕಿದರೆ ಉಳಿದ ಫ್ಲಕ್ಸ್ ತೇವ ಎಳೆದು ಅಲ್ಲಿಂದಲೇ ತುಕ್ಕು ಶುರು.

ಬರೀ ರೆಡ್ ಆಕ್ಸೈಡ್ ಬಳಿದು ಮಳೆಗಾಲ ಕಳೆಯುವುದು ಇಲ್ಲಿ ದೊಡ್ಡ ತಪ್ಪು. ಅದು ನೀರು ಬಿಡುತ್ತದೆ, ಅದರ ಮೇಲಿನ ಪುಟ್ಟಿ ನೀರು ಹೀರುತ್ತದೆ. ತಗಡು ಬರಿದಾದ ದಿನವೇ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಬೆಸುಗೆ ಕೆಲಸ ಮಳೆಗಾಲದಲ್ಲಿ ಮುಗಿಸಿ ಪೇಂಟನ್ನು ಡಿಸೆಂಬರಿನಿಂದ ಮಾರ್ಚಿನೊಳಗೆ ಮಾಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಹೊಡೆದ ಲ್ಯಾಕರ್ ಬೆಳ್ಳಗೆ ಮಂಕಾಗುತ್ತದೆ. ಕೊನೆಗೆ ಚಾಸಿಯ ಪೊಳ್ಳಿನೊಳಗೆ ಕ್ಯಾವಿಟಿ ವ್ಯಾಕ್ಸ್. ಸುಟ್ಟ ಎಂಜಿನ್ ಆಯಿಲ್ ಬಳಿಯುವ ಪದ್ಧತಿ ತುಕ್ಕಿಗೆ ತಕ್ಕಮಟ್ಟಿಗೆ ಸರಿ, ಆದರೆ ರಬ್ಬರ್ ಬುಷ್‌ಗಳನ್ನು ಊದಿಸಿ ಕೆಡಿಸುತ್ತದೆ.

ಈಗಿನ ಇ20 (ಶೇಕಡಾ 20 ಎಥನಾಲ್ ಬೆರೆಸಿದ) ಪೆಟ್ರೋಲು ಆಗುತ್ತದೆಯೇ?

ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಮೆದುವಾಗಿ ಸೋರುತ್ತವೆ. ಎಥನಾಲ್ ತಾಳುವ ಪೈಪು, ಡಯಾಫ್ರಂ ಹಾಕಿ, ಜೆಟ್ ಒಂದು ಸೈಜ್ ದೊಡ್ಡದು ಬೇಕಾಗಬಹುದು. ಗಾಡಿ ನಿಲ್ಲಿಸಿಡುವ ತಿಂಗಳುಗಳಲ್ಲಿ ಟ್ಯಾಂಕು ಅರ್ಧ ಖಾಲಿ ಬಿಡಬೇಡಿ, ಒಳಗಿನ ತೇವವನ್ನು ಎಥನಾಲ್ ಎಳೆದುಕೊಂಡು ಟ್ಯಾಂಕಿನ ತಳ ತುಕ್ಕಾಗುತ್ತದೆ.

ಇದೆಲ್ಲ ಕೇಳಿ ತಲೆ ತಿರುಗಿತು. ಹಳೆಯ ಜೀಪು ಆಗದೇ?

ಆಗುತ್ತದೆ, ಮೊದಲ ಸಲದವರಿಗೆ ಅದೇ ಒಳ್ಳೆಯದು. ಚಾಸಿ ದಪ್ಪ, ತಗಡು ಚಪ್ಪಟೆ, ಪನತ್ತಡಿ, ವೆಳ್ಳರಿಕುಂಡ್ ಕಡೆ ಜೀಪು ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿಗಳು ಈಗಲೂ ಇದ್ದಾರೆ. ನೋಡಬೇಕಾದ್ದು ಪ್ಲೇಟ್ ಸ್ಪ್ರಿಂಗಿನ ಶ್ಯಾಕಲ್ (ಸ್ಪ್ರಿಂಗಿನ ತುದಿ ಹಿಡಿಯುವ ಕೊಂಡಿ) ಕೂರುವ ಜಾಗದ ಬಿರುಕು, ನೆಲದ ಕೆಳಗಿನ ಟೊಪ್ಪಿ ಆಕಾರದ ಚಾನಲ್, ಮತ್ತು ಆರ್‌ಸಿಯಲ್ಲಿ ಬರೆದ ಎಂಜಿನ್ನೇ ಗಾಡಿಯಲ್ಲಿ ಇದೆಯೇ ಎಂಬುದು. ಪೆಟ್ರೋಲು ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿ ಪೇಪರ್ ಬದಲಿಸದವು ಬಹಳ ಇವೆ, ಆರ್‌ಟಿಒದ ಇನ್‌ಸ್ಪೆಕ್ಟರ್ ಬಾನೆಟ್ ತೆರೆದ ಕೂಡಲೇ ನವೀಕರಣ ಅಲ್ಲಿಗೇ ನಿಲ್ಲುತ್ತದೆ.